ಹೊಡೆದಾಟ ಮುಗಿದ ಮೇಲೆ

ಶುಕ್ರಗ್ರಹದಲ್ಲಿ ಗುಂಡಿನ ಚಕಮಕಿ ನಡೆದಿದೆ. ರಾಕೊ ಎಂಬ ತರುಣ ಹೆದರಿಕೆಯಲ್ಲೇ ಅದರ ನಡುವೆ ನಿಂತಿದ್ದಾನೆ. ಕಳ್ಳರ ಗುಂಪಿನಲ್ಲಿದ್ದವನು, ಈಗ ಆ ಗುಂಪಿನ ಮಾಲನ್ನೇ ಎತ್ತಿಕೊಂಡು ಓಡಿಬಂದಿದ್ದಾನೆ. ಮಾಲೆಂದರೆ ಒಂದು ಅಪರೂಪದ ಗಿಡ. ಅಲ್ಲಿನ ಹವೆಯಿಂದ ಕಣ್ಣು ಕಳೆದುಕೊಂಡ ತಂಗಿಯ ಚಿಕಿತ್ಸೆಗೆ ಅದು ಬೇಕು. ಸ್ವಲ್ಪ ಹಿಂದಷ್ಟೇ ಅವನು ಸ್ಪೈಕ್ ಸ್ಪೀಗಲ್ ಎಂಬ ನೀಳಕಾಯದ, ಜೋಲು ನಡಿಗೆಯ ಮನುಷ್ಯನಿಗೆ ದುಂಬಾಲುಬಿದ್ದು ಒಂದು ಪಟ್ಟು ಕಲಿತಿದ್ದಾನೆ. ಎದುರಾಳಿ ನುಗ್ಗಿ ಬಂದಾಗ ಮೈ ಬಿಗಿಮಾಡಬೇಡ, ಅವನ ರಭಸವನ್ನೇ ಹಿಡಿದು ಅವನನ್ನು ಎತ್ತಿ ಒಗೆ ಎಂಬುದು ಪಾಠ. ಈಗ ಎದುರಾಳಿ ನುಗ್ಗುತ್ತಾನೆ. ರಾಕೊ ಮೈ ಸಡಿಲ ಬಿಡುತ್ತಾನೆ. ಎದುರಾಳಿ ಗಾಳಿಯಲ್ಲಿ ಒಂದು ಸುತ್ತು ಸುತ್ತಿ ನೆಲಕ್ಕೆ ಬೀಳುತ್ತಾನೆ. ಕಲಿತದ್ದು ಕೈಹಿಡಿದ ಖುಷಿಯಲ್ಲಿ ರಾಕೊ ಗುರುವಿನ ಕಡೆ ತಿರುಗುತ್ತಾನೆ. ಅದೇ ಗಳಿಗೆಯಲ್ಲಿ ಅವನಿಗೆ ಗುಂಡು ತಗಲುತ್ತದೆ.

ಇದು 'ಕೌಬಾಯ್ ಬೀಬಾಪ್' ಅನಿಮೆ ಸರಣಿಯ ಎಂಟನೇ ಸಂಚಿಕೆ. ಕಾಲೇಜು ಹಾಸ್ಟೆಲಿನಲ್ಲಿ, ಯಾರದೋ ಹಾರ್ಡ್‌ಡಿಸ್ಕಿನಿಂದ ಇನ್ಯಾರದೋ ಕಂಪ್ಯೂಟರಿಗೆ ಇಳಿದು ಬಂದ ಈ ಸರಣಿಯನ್ನು ನಾನು ಮೊದಲ ಸಲ ನೋಡಿದಾಗ ನೆನಪಿನಲ್ಲಿ ಉಳಿದದ್ದು ಆ ಪಟ್ಟು. ಎಷ್ಟೋ ವರ್ಷಗಳ ಮೇಲೆ ಈಗ ಮತ್ತೆ ನೋಡುವಾಗ ಕಣ್ಣು ನಿಲ್ಲುವುದು ಅದರ ನಂತರದ ದೃಶ್ಯದಲ್ಲಿ. ಸ್ಪೈಕ್ ಆಸ್ಪತ್ರೆಗೆ ಹೋಗಿ ಆ ತಂಗಿಯ ಎದುರು ನಿಲ್ಲುತ್ತಾನೆ. ಅಣ್ಣ ನಿಜಕ್ಕೂ ಎಂಥವನಾಗಿದ್ದ ಎಂದು ಅವಳು ಕೇಳುತ್ತಾಳೆ. ನಿನಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು, ನೀನು ಅಂದುಕೊಂಡಂಥವನೇ ಎಂಬರ್ಥದ ಮಾತಾಡಿ ಅವನು ಹೊರಡುತ್ತಾನೆ. ಸಾಹಸದ ಸರಣಿಯೆಂದು ಹೆಸರಾದ ಇದರಲ್ಲಿ ಹೊಡೆದಾಟಗಳು ಏನನ್ನೂ ಇತ್ಯರ್ಥ ಮಾಡುವುದಿಲ್ಲ. ಎಲ್ಲ ಇತ್ಯರ್ಥವಾಗುವುದು, ಅಥವಾ ಆಗದೆ ಉಳಿಯುವುದು, ಹೊಡೆದಾಟ ಮುಗಿದ ಮೇಲೆ. ಇದನ್ನು ಅರಿಯಲು ನನಗೆ ಎರಡನೇ ನೋಟ ಬೇಕಾಯಿತು. ಈ ಸರಣಿಯನ್ನು ಕಟ್ಟಿರುವುದೇ ಎರಡನೇ ನೋಟಕ್ಕಾಗಿ ಎಂದು ಈಗ ಅನ್ನಿಸುತ್ತಿದೆ.

ಗೊತ್ತಿಲ್ಲದವರಿಗಾಗಿ ಕಥೆಯ ಚೌಕಟ್ಟು ಇಷ್ಟು. ಕಾಲ 2071. ಗ್ರಹದಿಂದ ಗ್ರಹಕ್ಕೆ ಬೇಗ ಹೋಗಲು ಕಟ್ಟಿದ ಮಹಾದ್ವಾರವೊಂದು 2022ರಲ್ಲಿ ಸ್ಫೋಟಗೊಂಡು ಚಂದ್ರ ಒಡೆದುಹೋಗಿದೆ. ಅದರ ಚೂರುಗಳು ಇಂದಿಗೂ ಭೂಮಿಯ ಮೇಲೆ ಕಲ್ಲುಮಳೆಯಾಗಿ ಸುರಿಯುತ್ತಿವೆ. ಜನ ಮಂಗಳಕ್ಕೆ, ಶುಕ್ರಕ್ಕೆ, ಗುರುಗ್ರಹದ ಉಪಗ್ರಹಗಳಿಗೆ ಗುಳೆಹೋಗಿದ್ದಾರೆ. ಇಷ್ಟು ವಿಸ್ತಾರದಲ್ಲಿ ಪೊಲೀಸರ ಕೈ ಸಾಲದೆ, ಅಪರಾಧಿಗಳ ತಲೆಗೆ ಬೆಲೆ ಕಟ್ಟಿ, ಹಿಡಿದುಕೊಟ್ಟವರಿಗೆ ಹಣ ಕೊಡುವ ಪದ್ಧತಿ ಬಂದಿದೆ. ಮೀನು ಹಿಡಿಯುವ ಹಳೆಯ ಹಡಗೊಂದನ್ನು ಬಾಹ್ಯಾಕಾಶಕ್ಕೆ ಒಗ್ಗಿಸಿಕೊಂಡು, ಅದಕ್ಕೆ ಬೀಬಾಪ್ ಎಂದು ಹೆಸರಿಟ್ಟುಕೊಂಡು, ಇಂಥ ಬೇಟೆಯಿಂದ ಹೊಟ್ಟೆ ಹೊರೆಯುವ ನಾಲ್ವರು ಮತ್ತು ಒಂದು ನಾಯಿ ಇದರ ಪಾತ್ರಗಳು. ಅಪರಾಧ ಕೂಟದಿಂದ ತಪ್ಪಿಸಿಕೊಂಡು ಬಂದ ಸ್ಪೈಕ್. ಒಂದು ತೋಳು ಲೋಹದ್ದಾಗಿರುವ ಮಾಜಿ ಪೊಲೀಸ್ ಜೆಟ್. ನೆನಪು ಕಳೆದುಕೊಂಡ, ಮೈತುಂಬ ಸಾಲವಿರುವ ಫೇ. ಯಾವ ಕಂಪ್ಯೂಟರಿಗಾದರೂ ನುಸುಳಬಲ್ಲ ಪುಟ್ಟ ಎಡ್. ಮತ್ತು ಐನ್ ಎಂಬ ಕೋರ್ಗಿ ನಾಯಿ.

ನಿರ್ದೇಶಕ ಶಿನಿಚಿರೊ ವಾಟನಬೆ. ಕಥಾಹಂದರದ ಹೊಣೆ ಹೊತ್ತವರು ಕೆಯ್ಕೊ ನೊಬುಮೊಟೊ, ಪಾತ್ರಗಳ ರೂಪು ತೋಶಿಹಿರೊ ಕವಮೊಟೊ ಅವರದು, ಸಂಗೀತ ಯೋಕೊ ಕಾನ್ನೊ. ತಯಾರಿಸಿದ್ದು ಸನ್‌ರೈಸ್ ಸ್ಟುಡಿಯೊ, 'ಗುಂಡಮ್' ಖ್ಯಾತಿಯದು. ಆ ಹೆಸರಿನ ಹಿಂದೆಯೇ ಈ ಸರಣಿ ಹುಟ್ಟಿದ ಬಗೆಯೂ ಅಡಗಿದೆ. 1979ರಲ್ಲಿ ಬಂದ 'ಗುಂಡಮ್' ಸರಣಿಯ ಯಂತ್ರಮಾನವರ ಪ್ಲಾಸ್ಟಿಕ್ ಮಾದರಿಗಳು ಬಂಡಾಯ್ ಕಂಪನಿಗೆ ದೊಡ್ಡ ವ್ಯಾಪಾರ ತಂದುಕೊಟ್ಟಿದ್ದವು. ಹಾಗಾಗಿ ಈ ಹೊಸ ಯೋಜನೆಗೂ ಮೊದಲು ಹಣ ಹೂಡಲು ಬಂದದ್ದು ಬಂಡಾಯ್‌ನ ಆಟಿಕೆ ವಿಭಾಗ. ಅವರ ಷರತ್ತು ಒಂದೇ: ಆಕಾಶನೌಕೆಗಳಿರಬೇಕು. ಉಳಿದದ್ದು ನಿಮ್ಮಿಷ್ಟ ಎಂದರು. ವಾಟನಬೆ ನೌಕೆಗಳನ್ನೇನೋ ಇಟ್ಟರು. ಜತೆಗೆ ಸಿಗರೇಟು, ಜಾಸ್, ಸಾಲ, ಸಾವು ಎಲ್ಲವನ್ನೂ ಇಟ್ಟರು. ಇದರಿಂದ ಆಟಿಕೆ ಮಾರಲಾಗದೆಂದು ಆಟಿಕೆ ವಿಭಾಗದವರು ಹಿಂದೆ ಸರಿದ ಮೇಲೆ, ಅದೇ ಬಳಗದ ಬಂಡಾಯ್ ವಿಷುವಲ್ ಕೈಹಿಡಿದು ಕೆಲಸ ಮುಂದುವರಿಯಿತು.

ಪ್ರಸಾರದ ಹಾದಿಯೂ ಸುಲಭದ್ದಾಗಿರಲಿಲ್ಲ. 1997ರ ಡಿಸೆಂಬರ್ 16ರಂದು ಟಿವಿ ಟೋಕಿಯೊ ವಾಹಿನಿಯಲ್ಲಿ 'ಪೋಕೆಮಾನ್' ನೋಡುತ್ತಿದ್ದ ನೂರಾರು ಮಕ್ಕಳು ಪರದೆಯಲ್ಲಿ ಮಿನುಗಿದ ಕೆಂಪು-ನೀಲಿ ಬೆಳಕಿಗೆ ಅಸ್ವಸ್ಥರಾಗಿ ಆಸ್ಪತ್ರೆ ಸೇರಿದ್ದರು. ಮಕ್ಕಳು, ಟಿವಿ, ಹಿಂಸೆ ಇವುಗಳ ಬಗ್ಗೆ ಜಪಾನ್ ಆಗಲೇ ಕಳವಳದಲ್ಲಿತ್ತು. ಅದೇ ವಾಹಿನಿಯಲ್ಲಿ 1998ರ ಏಪ್ರಿಲ್ 3ರಂದು 'ಬೀಬಾಪ್' ಶುರುವಾಯಿತು. ಒಟ್ಟು 26 ಸಂಚಿಕೆಗಳಲ್ಲಿ ಬಿತ್ತರಗೊಂಡದ್ದು 12 ಮಾತ್ರ, ಅವೂ ಆಯ್ದವು. ಮೊದಲನೆಯ ಸಂಚಿಕೆಗೇ ಜಾಗ ಸಿಗಲಿಲ್ಲ. ಜೂನ್ ಕೊನೆಗೆ ತುಣುಕುಗಳನ್ನು ಜೋಡಿಸಿದ ಒಂದು ವಿಶೇಷ ಕಂತಿನೊಂದಿಗೆ, ನಿಜವಾದ ಸರಣಿಯನ್ನು ಮುಂದೆಂದಾದರೂ ತೋರಿಸುತ್ತೇವೆ ಎಂಬ ಸೂಚನೆ ಕೊಟ್ಟು ಪರದೆ ಎಳೆದರು. ಮಾತು ಉಳಿಯಿತು. ಅದೇ ಅಕ್ಟೋಬರಿನಿಂದ 1999ರ ಏಪ್ರಿಲ್ ತನಕ, ಚಂದಾ ಕಟ್ಟಿ ನೋಡುವ ವಾವ್‌ವಾವ್ ಉಪಗ್ರಹ ವಾಹಿನಿ ಅಷ್ಟೂ ಸಂಚಿಕೆಗಳನ್ನು ತೋರಿಸಿತು. 2001ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಡಲ್ಟ್ ಸ್ವಿಮ್ ಆರಂಭವಾದ ರಾತ್ರಿಯೇ ಅಲ್ಲಿಗೂ ಹೋಯಿತು. ಅಲ್ಲಿಂದ ಜಗತ್ತಿನ ಹಾಸ್ಟೆಲುಗಳಿಗೆ.

ಈಗ ಹೊಡೆದಾಟದ ವಿಚಾರ. ಜಪಾನಿನ ಟಿವಿ ಅನಿಮೆಯಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್ ಓಡಿದರೂ 24 ಚಿತ್ರ ಬರೆಯುವುದಿಲ್ಲ. ಒಂದೇ ಚಿತ್ರವನ್ನು ಎರಡು ಅಥವಾ ಮೂರು ಫ್ರೇಮುಗಳಿಗೆ ಹಿಡಿದಿಡುತ್ತಾರೆ. ಒಸಾಮು ತೆಜುಕಾ 1963ರಲ್ಲಿ 'ಆಸ್ಟ್ರೊ ಬಾಯ್' ಅನ್ನು ವಾರವಾರ ಹೊರತರಲು ಹಣ, ಸಮಯ ಎರಡೂ ಸಾಲದೆ ನೆಚ್ಚಿಕೊಂಡ ಮಿತವ್ಯಯದ ದಾರಿಯಿದು. ಎಲ್ಲಿ ಚಿತ್ರ ಉಳಿಸಬೇಕು, ಎಲ್ಲಿ ಧಾರಾಳವಾಗಿ ಸುರಿಯಬೇಕು ಎಂಬ ತೀರ್ಮಾನವೇ ಅನಿಮೆ ನಿರ್ದೇಶಕನ ಕಸುಬು. 'ಬೀಬಾಪ್' ಆ ವಿಷಯದಲ್ಲಿ ಪಳಗಿದ ಕೈ. ಪಾತ್ರಗಳು ಸೋಫಾದ ಮೇಲೆ ಅಲ್ಲಾಡದೆ ಬಿದ್ದುಕೊಂಡಿರುವ, ಫ್ಯಾನು ಮಾತ್ರ ತಿರುಗುತ್ತಿರುವ ದೃಶ್ಯಗಳು ಎಷ್ಟೋ ಇವೆ. ಅಲ್ಲಿ ಉಳಿಸಿದ ಚಿತ್ರಗಳೆಲ್ಲ ಸ್ಪೈಕ್‌ನ ಕಾಲಿಗೆ ಹೋಗುತ್ತವೆ. ವಾಟನಬೆಗೆ ಬ್ರೂಸ್ ಲೀ ಎಂದರೆ ಅಭಿಮಾನ. ಸ್ಪೈಕ್ ಆಡುವುದು ಬ್ರೂಸ್ ಲೀ ರೂಪಿಸಿದ ಜೀತ್ ಕುನ್ ದೊ. ಆದ್ದರಿಂದ ಅವನ ಒದೆತದಲ್ಲಿ ಅತಿಮಾನುಷ ಶಕ್ತಿಯ ಬೆಳಕಿಲ್ಲ, ಹೆಸರು ಕೂಗಿ ಹೊಡೆಯುವ ವರಸೆಯಿಲ್ಲ. ಸೊಂಟ ತಿರುಗುತ್ತದೆ, ಭುಜ ಹಿಂಬಾಲಿಸುತ್ತದೆ, ಕಾಲು ಕೊನೆಗೆ ಬರುತ್ತದೆ. ದೇಹಕ್ಕೆ ತೂಕವಿದೆ. ಅದಕ್ಕೇ ಅವನು ಬಿದ್ದಾಗ ನಮಗೂ ನೋವಾಗುತ್ತದೆ.

ಪಾರದರ್ಶಕ ಹಾಳೆಯ ಹಿಂಬದಿಗೆ ಕೈಯಿಂದ ಬಣ್ಣ ತುಂಬಿ, ಹಿನ್ನೆಲೆಯ ಚಿತ್ರದ ಮೇಲಿಟ್ಟು ಕ್ಯಾಮೆರಾದಲ್ಲಿ ಒಂದೊಂದೇ ತೆಗೆಯುವ ಪದ್ಧತಿಯ ಕೊನೆಯ ವರ್ಷಗಳವು. ಇನ್ನೇನು ಕೆಲವೇ ವರ್ಷಗಳಲ್ಲಿ ಬಣ್ಣ ತುಂಬುವ ಕೆಲಸವೆಲ್ಲ ಕಂಪ್ಯೂಟರಿಗೆ ಹೋಯಿತು. ಇಂದಿನ ದೊಡ್ಡ ಟಿವಿಯಲ್ಲಿ, ಶುದ್ಧೀಕರಿಸಿದ ಪ್ರತಿಯಲ್ಲಿ ನೋಡುವಾಗ ಹಾಸ್ಟೆಲಿನ ಮಸುಕು ಪರದೆಯಲ್ಲಿ ಕಾಣದೇ ಹೋದದ್ದೆಲ್ಲ ಕಾಣುತ್ತದೆ: ಹಡಗಿನ ಗೋಡೆಗೆ ಹಿಡಿದ ತುಕ್ಕು, ಮಂಗಳನ ಪೇಟೆಯ ಹರಿದ ಪೋಸ್ಟರುಗಳು. ಸಂಚಿಕೆಯಿಂದ ಸಂಚಿಕೆಗೆ ಮೂಲೆಯಲ್ಲೆಲ್ಲೋ ಕೂತು ಇಸ್ಪೀಟು ಆಡುತ್ತಾ ಹಳೆಯ ಕಾಲದ ಬಡಾಯಿ ಕೊಚ್ಚುವ ಮೂವರು ಮುದುಕರನ್ನು ನಾನು ಮೊದಲ ಸಲ ಗಮನಿಸಿರಲೇ ಇಲ್ಲ. ಅವರ ಹೆಸರು ಆಂಟೋನಿಯೊ, ಕಾರ್ಲೋಸ್, ಜೋಬಿಮ್. ಮೂರನ್ನೂ ಸೇರಿಸಿ ಓದಿದರೆ ಬ್ರೆಜಿಲಿನ ಬೊಸ್ಸಾ ನೋವಾ ಸಂಗೀತಗಾರ ಸಿಗುತ್ತಾರೆ.

ಸಂಗೀತದ ಬಗ್ಗೆ ಒಂದು ಮಾತು ಹೇಳಲೇಬೇಕು. ಸಾಮಾನ್ಯವಾಗಿ ಅನಿಮೆ ನಿರ್ದೇಶಕರು ಸಂಗೀತಗಾರರಿಗೆ ಪಟ್ಟಿ ಕೊಡುತ್ತಾರೆ: ದುಃಖಕ್ಕೊಂದು, ಬೆನ್ನಟ್ಟುವಿಕೆಗೊಂದು, ಹಾಸ್ಯಕ್ಕೊಂದು. ಯೋಕೊ ಕಾನ್ನೊ ಯಾರೂ ಕೇಳದೇ ಇದ್ದ ಟ್ಯೂನುಗಳನ್ನೂ ಮಾಡಿ ತಂದು ಕೊಡುತ್ತಿದ್ದರು. ಅವನ್ನು ಕೇಳಿ ವಾಟನಬೆಗೆ ಹೊಸ ದೃಶ್ಯ ಹೊಳೆಯುತ್ತಿತ್ತು. ಆ ದೃಶ್ಯ ನೋಡಿ ಕಾನ್ನೊಗೆ ಇನ್ನೊಂದು ಟ್ಯೂನು. ಇಲ್ಲಿ ಸಂಚಿಕೆಗಳನ್ನು ಸೆಷನ್ ಎಂದು ಕರೆಯುತ್ತಾರೆ, ಜಾಸ್ ವಾದ್ಯಗಾರರು ಕೂಡಿ ನುಡಿಸುವ ಕೂಟದ ಹೆಸರು ಅದು. ಕೆಲಸ ನಡೆದದ್ದೂ ಹಾಗೆಯೇ. ಐದನೇ ಸೆಷನ್ನಿನ ಚರ್ಚಿನ ಕಾಳಗವನ್ನು ನೋಡಿ. ಜಾನ್ ವೂ ಅವರ ಹಾಂಗ್‌ಕಾಂಗ್ ಚಿತ್ರಗಳ ಪ್ರಭಾವ ಎದ್ದು ಕಾಣುತ್ತದೆ. ಗುಂಡುಗಳು ಹಾರುತ್ತವೆ, ಕತ್ತಿ ಭುಜಕ್ಕೆ ಇಳಿಯುತ್ತದೆ, ಸ್ಪೈಕ್ ಬಣ್ಣದ ಗಾಜಿನ ಕಿಟಕಿ ಒಡೆದುಕೊಂಡು ಹೊರಗೆ ಬೀಳುತ್ತಾನೆ. ಆಗ ಸದ್ದೆಲ್ಲ ನಿಂತು ಮಗುವಿನದರಂಥ ಒಂದು ಕಂಠ ಹಾಡತೊಡಗುತ್ತದೆ. ಬೀಳುವ ದೇಹದ ನಡುನಡುವೆ ಹಳೆಯ ನೆನಪಿನ ಚೂರುಗಳು ಬಂದು ಹೋಗುತ್ತವೆ.

ಆ ವಯಸ್ಸಿನಲ್ಲಿ ನಾವು ಗೆಳೆಯರು ಆ ಬೀಳುವಿಕೆಯನ್ನು ಹಿಂದೆ ಮುಂದೆ ಓಡಿಸಿ ಓಡಿಸಿ ನೋಡಿದ್ದೆವು. ಸಂಚಿಕೆ ಅಲ್ಲಿಗೆ ಮುಗಿಯಿತೆಂದೇ ನನ್ನ ನೆನಪು ಹೇಳುತ್ತಿತ್ತು. ಈಗ ನೋಡಿದರೆ ಅಲ್ಲಿಂದ ಮುಂದೆ ಹಡಗಿನ ಸೋಫಾ ಇದೆ. ಮೈಯೆಲ್ಲ ಬ್ಯಾಂಡೇಜು ಸುತ್ತಿಕೊಂಡ ಸ್ಪೈಕ್ ಕಣ್ಣು ಬಿಡುತ್ತಾನೆ. ಪಕ್ಕದಲ್ಲಿ ಫೇ ಏನೋ ಗುನುಗುತ್ತಾ ಕೂತಿದ್ದಾಳೆ. ಹತ್ತಿರ ಬಾ ಎಂದು ಸನ್ನೆ ಮಾಡುತ್ತಾನೆ. ಅವಳು ಬಗ್ಗಿ ಕಿವಿ ಕೊಡುತ್ತಾಳೆ. ನಿನ್ನ ಹಾಡಿಗೆ ಶ್ರುತಿಯಿಲ್ಲ ಎನ್ನುತ್ತಾನೆ. ಅವಳು ದಿಂಬಿನಿಂದ ಬಡಿದು ಹೋಗುತ್ತಾಳೆ. ಆ ದೊಡ್ಡ ಕಾಳಗದಲ್ಲಿ ಗೆದ್ದವರು ಯಾರೂ ಇಲ್ಲ, ಬಹುಮಾನದ ಹಣವೂ ಕೈಗೆ ಬರಲಿಲ್ಲ; ಸಿಕ್ಕಿದ್ದು ಇವನು ಏಳುವವರೆಗೂ ಪಕ್ಕದಲ್ಲಿ ಕೂತ ಒಬ್ಬಳು. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಾರರು.

ಹಣದ ವಿಷಯಕ್ಕೆ ಬಂದರೆ, ಮೊದಲ ಸೆಷನ್ನಿನಲ್ಲೇ ಜೆಟ್ ಅಡುಗೆ ಮಾಡಿ ಬಡಿಸುತ್ತಾನೆ. ದಪ್ಪ ಮೆಣಸಿನಕಾಯಿ ಮತ್ತು ದನದ ಮಾಂಸದ ಪಲ್ಯ ಎಂದು ಅದರ ಹೆಸರು. ಮಾಂಸ ಎಲ್ಲಿ ಎಂದು ಸ್ಪೈಕ್ ಕೇಳುತ್ತಾನೆ. ಕೈಯಲ್ಲಿ ಕಾಸಿಲ್ಲದಿದ್ದಾಗ ಇದಕ್ಕೇ ಆ ಹೆಸರು ಎಂಬ ಧಾಟಿಯಲ್ಲಿ ಜೆಟ್ ಸಾಧಿಸುತ್ತಾನೆ. ಹರೆಯದಲ್ಲಿ ಇದಕ್ಕೆ ನಕ್ಕಿದ್ದೆ. ಈಗ ಕಣ್ಣು ಜೆಟ್‌ನ ಮೇಲೆ. ಆ ಹಡಗಿನಲ್ಲಿ ಅಡುಗೆ ಮಾಡುವವನು ಅವನು, ರಿಪೇರಿ ಅವನದು, ಇಂಧನದ ಲೆಕ್ಕ ಅವನದು. ಬಿಡುವಾದಾಗ ಬೋನ್ಸಾಯ್ ಗಿಡದ ಒಂದೊಂದೇ ಕುಡಿಯನ್ನು ಕತ್ತರಿಸುತ್ತಾ ಕೂರುತ್ತಾನೆ. ಎಲ್ಲರ ಮೇಲೂ ರೇಗುತ್ತಾನೆ, ಎಲ್ಲರಿಗೂ ತಟ್ಟೆ ಇಡುತ್ತಾನೆ. ಕೂಡುಕುಟುಂಬದಲ್ಲಿ ಮದುವೆಯಾಗದೆ ಉಳಿದು, ಇಡೀ ಮನೆಯ ಭಾರ ಹೊತ್ತ ದೊಡ್ಡಪ್ಪನ ಹಾಗೆ. ಸ್ಪೈಕ್‌ಗೆ ಕಥೆಯಲ್ಲಿ 27 ವರ್ಷ, ಜೆಟ್‌ಗೆ 36. ಮೊದಲ ಸಲ ನೋಡಿದಾಗ ನಾನು ಇಬ್ಬರಿಗಿಂತಲೂ ಚಿಕ್ಕವ; ಜೆಟ್ ಮುದುಕನಂತೆ ಕಂಡಿದ್ದ. ಈಗ ಅವನ ವಯಸ್ಸನ್ನೂ ದಾಟಿ ಬಂದಿದ್ದೇನೆ, ಮನೆಯ ಲೆಕ್ಕ ಬರೆಯುವವನೂ ನಾನೇ.

ಹತ್ತನೇ ಸೆಷನ್ನಿನಲ್ಲಿ ಅವನು ತನ್ನ ಹಳೆಯ ಊರಾದ ಗ್ಯಾನಿಮೀಡ್‌ಗೆ ಹೋಗಿ, ಹಿಂದೊಮ್ಮೆ ತನ್ನನ್ನು ಬಿಟ್ಟುಹೋದ ಅಲಿಸಾಳನ್ನು ಕಾಣುತ್ತಾನೆ. ಹೋಗುವಾಗ ಅವಳು ಬಿಟ್ಟಿದ್ದ, ನಿಂತುಹೋದ ಗಡಿಯಾರವೊಂದನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದಾನೆ. ಏಕೆ ಹೋದೆ ಎಂದು ಕೇಳಿದಾಗ ಸಿಕ್ಕುವ ಉತ್ತರ ಅವನು ನಿರೀಕ್ಷಿಸಿದ್ದಲ್ಲ: ನೀನು ನನಗಾಗಿ ಎಲ್ಲವನ್ನೂ ತೀರ್ಮಾನಿಸುತ್ತಿದ್ದೆ, ನಿನ್ನ ಲೆಕ್ಕ ಯಾವತ್ತೂ ತಪ್ಪುತ್ತಿರಲಿಲ್ಲ, ಒಮ್ಮೆಯಾದರೂ ನನ್ನದೇ ನಿರ್ಧಾರ ಬೇಕಿತ್ತು, ಅದು ತಪ್ಪಾದರೂ ಸರಿ. ಇಡೀ ಸರಣಿಯಲ್ಲಿ ನನಗೆ ಈಗ ಅತ್ಯಂತ ಹತ್ತಿರವಾದ ಸಂಚಿಕೆ ಇದು. ಪ್ರೀತಿಯಿಂದ ನೋಡಿಕೊಳ್ಳುವವರೂ ಉಸಿರು ಕಟ್ಟಿಸಬಲ್ಲರು ಎಂಬುದನ್ನು ಇಷ್ಟು ಸೌಮ್ಯವಾಗಿ, ಯಾರನ್ನೂ ಕೆಟ್ಟವರನ್ನಾಗಿಸದೆ ಹೇಳಿದ ಸಾಹಸಕಥೆ ನನಗೆ ಬೇರೆ ಗೊತ್ತಿಲ್ಲ. ಹರೆಯದಲ್ಲಿ ನಾನು ಇದನ್ನು ಬೋರು ಎಂದು ಮುಂದಕ್ಕೆ ಓಡಿಸಿಬಿಟ್ಟಿದ್ದೆ.

ಫೇ ವ್ಯಾಲೆಂಟೈನಳ ಬಗ್ಗೆ ಎರಡು ಮಾತು, ಒಂದು ತಕರಾರು. ಅವಳ ಉಡುಪು, ಅವಳ ಮೈಮೇಲೆ ಕ್ಯಾಮೆರಾ ನಿಲ್ಲುವ ರೀತಿ ಇಂದು ಕಸಿವಿಸಿ ಹುಟ್ಟಿಸುತ್ತದೆ. ಅಂದಿನ ಕಾಲವೇ ಹಾಗಿತ್ತು ಎಂದು ತೇಲಿಸಿಬಿಡಲು ನನಗೆ ಮನಸ್ಸಿಲ್ಲ, ಏಕೆಂದರೆ ಅವಳಿಗೆ ಬರೆದಿರುವ ಕಥೆ ಆ ಕ್ಯಾಮೆರಾಗಿಂತ ಎಷ್ಟೋ ಎತ್ತರದ್ದು. ಅಪಘಾತವೊಂದರ ನಂತರ ಹಿಮನಿದ್ರೆಯಲ್ಲಿಟ್ಟ ಅವಳು 54 ವರ್ಷಗಳ ಮೇಲೆ ಎದ್ದಿದ್ದಾಳೆ. ಹೆಸರಿಲ್ಲ, ಊರಿಲ್ಲ, ಚಿಕಿತ್ಸೆಯ ಸಾಲ ಮಾತ್ರ ಇದೆ. ಹದಿನೆಂಟನೇ ಸೆಷನ್ನಿನಲ್ಲಿ ಅವಳ ಹೆಸರಿಗೆ ಒಂದು ವಿಡಿಯೊ ಕ್ಯಾಸೆಟ್ ಬರುತ್ತದೆ. ಬೀಟಾಮ್ಯಾಕ್ಸ್ ಕ್ಯಾಸೆಟ್. ಅದನ್ನು ಓಡಿಸುವ ಯಂತ್ರ ಆ ಕಾಲದಲ್ಲಿ ಎಲ್ಲಿಂದ ಬರಬೇಕು? ಸ್ಪೈಕ್, ಜೆಟ್ ಇಬ್ಬರೂ ಭೂಮಿಗೆ ಹೋಗಿ, ಹಾಳುಬಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ ಜೀವ ಪಣಕ್ಕಿಟ್ಟು ಇಳಿದು ಯಂತ್ರವೊಂದನ್ನು ಹೊತ್ತು ತರುತ್ತಾರೆ. ಕ್ಯಾಸೆಟ್ ಅದರೊಳಗೆ ಹೋಗುವುದೇ ಇಲ್ಲ. ಅವರು ತಂದದ್ದು ವಿಎಚ್ಎಸ್ ಯಂತ್ರ.

1999ರಲ್ಲಿ ನೋಡಿದವರಿಗೆ ಇದು ಹಾಸ್ಯ. ಸೋನಿ ಬೀಟಾಮ್ಯಾಕ್ಸ್ ಯಂತ್ರ ತಯಾರಿಸುವುದನ್ನು 2002ರಲ್ಲಿ ನಿಲ್ಲಿಸಿತು, ಖಾಲಿ ಕ್ಯಾಸೆಟ್ ಮಾರುವುದನ್ನು 2016ರಲ್ಲಿ. ಅದೇ ವರ್ಷ ವಿಎಚ್ಎಸ್ ಯಂತ್ರಗಳ ಕೊನೆಯ ತಯಾರಕರಾದ ಫುನಾಯ್ ಕೂಡ ಕೈಬಿಟ್ಟರು. ನಮ್ಮ ಮನೆಯ ಅಟ್ಟದಲ್ಲಿ ಅಕ್ಕನ ಮದುವೆಯ ಕ್ಯಾಸೆಟ್ ಇದೆ, ಅದನ್ನು ಓಡಿಸುವ ಯಂತ್ರ ಇಲ್ಲ. ಈ ಸಂಚಿಕೆ ನೋಡುತ್ತಾ ನನಗೆ ನಗು ಬರಲಿಲ್ಲ. ಕೊನೆಗೆ ಸರಿಯಾದ ಯಂತ್ರವೂ ಅಂಚೆಯಲ್ಲಿ ಬರುತ್ತದೆ. ಪರದೆಯ ಮೇಲೆ ಒಬ್ಬ ಶಾಲಾ ಹುಡುಗಿ, ಮುಂದೆ ದೊಡ್ಡವಳಾಗುವ ತನ್ನನ್ನು ತಾನೇ ಹುರಿದುಂಬಿಸುತ್ತಾ ಕುಣಿಯುತ್ತಾಳೆ. ಅದು ತಾನೇ ಎಂದು ಕಾಣುತ್ತಿದೆ, ಆದರೆ ಫೇಗೆ ಒಂದಿಷ್ಟೂ ನೆನಪಿಲ್ಲ. ಹಳೆಯದನ್ನು ಮತ್ತೆ ನೋಡುವುದು ಎಂದರೇನು ಎಂಬುದರ ಬಗ್ಗೆ ಇದಕ್ಕಿಂತ ನೇರವಾದ ದೃಶ್ಯ ಅನಿಮೆಯಲ್ಲಿ ನಾನು ಕಂಡಿಲ್ಲ. ಮುಂದೆ 24ನೇ ಸೆಷನ್ನಿನಲ್ಲಿ ನೆನಪು ಮರಳುತ್ತದೆ, ಅವಳು ಮನೆಗೆ ಓಡುತ್ತಾಳೆ. ಅಲ್ಲಿ ಮನೆಯಿಲ್ಲ, ಅಡಿಪಾಯದ ಗುರುತು ಮಾತ್ರ. ಕೋಲಿನಿಂದ ನೆಲದ ಮೇಲೆ ತನ್ನ ಹಾಸಿಗೆಯ ಅಳತೆಗೆ ಗೆರೆ ಎಳೆದು ಅದರೊಳಗೆ ಮಲಗುತ್ತಾಳೆ. ಅದೇ ಸಂಚಿಕೆಯಲ್ಲಿ ಎಡ್ ಮತ್ತು ನಾಯಿ ಹಡಗು ಬಿಟ್ಟು ಹೋಗುತ್ತಾರೆ. ಹಡಗಿನಲ್ಲಿ ಉಳಿದ ಇಬ್ಬರು ಗಂಡಸರು ಎಲ್ಲರಿಗೆಂದು ಬೇಯಿಸಿದ್ದ ಮೊಟ್ಟೆಗಳನ್ನು ಒಂದರ ಮೇಲೊಂದು, ಮಾತಿಲ್ಲದೆ, ತುರುಕಿಕೊಂಡು ತಿನ್ನುತ್ತಾರೆ. ಅಳು ಬಾರದ ಗಂಡಸರ ದುಃಖವನ್ನು ನೊಬುಮೊಟೊ ಹೊಣೆ ಹೊತ್ತ ಕಥಾಹಂದರ ಹೇಳಿದ್ದು ಹೀಗೆ. ಅವರು 2021ರ ಡಿಸೆಂಬರಿನಲ್ಲಿ ತೀರಿಕೊಂಡರು.

ಎಲ್ಲ ಸಂಚಿಕೆಗಳೂ ಈ ಎತ್ತರದಲ್ಲಿಲ್ಲ. ಸ್ಪೈಕ್ ಪ್ರೀತಿಸಿದ ಜೂಲಿಯಾ ಪಾತ್ರಕ್ಕಿಂತ ಹೆಚ್ಚಾಗಿ ನೆರಳು. ಖಳ ವಿಷಸ್ ಕತ್ತಿ ಹಿಡಿದು ಗಂಭೀರ ಮಾತಾಡುವುದನ್ನು ಬಿಟ್ಟರೆ ಒಳಗೆ ಏನಿದೆ ಎಂದು ತಿಳಿಯುವುದಿಲ್ಲ. ಹರೆಯದಲ್ಲಿ ಕಥೆಯ ತಿರುಳೆಂದು ತೋರಿದ್ದ, ಇವರ ಸುತ್ತಲಿನ ಸೇಡಿನ ಎಳೆ ಈಗ ಎಲ್ಲಕ್ಕಿಂತ ತೆಳುವಾಗಿ ಕಾಣುತ್ತದೆ. 2021ರ ನವೆಂಬರಿನಲ್ಲಿ ನೆಟ್‌ಫ್ಲಿಕ್ಸ್ ನಟರನ್ನಿಟ್ಟು ತೆಗೆದ ರೂಪಾಂತರ ಎಡವಿದ್ದೂ ಇಲ್ಲೇ ಎಂಬುದು ನನ್ನ ಅಭಿಪ್ರಾಯ. ಜಾನ್ ಚೋ ಒಳ್ಳೆಯ ನಟ, ಸಂಗೀತವೂ ಕಾನ್ನೊ ಅವರದೇ. ಆದರೆ ಅವರು ವಿಷಸ್-ಜೂಲಿಯಾ ಎಳೆಯನ್ನೇ ಎಳೆದು ಉದ್ದ ಮಾಡಿ, ನಡುವಿನ ಖಾಲಿ ಹೊತ್ತನ್ನು ಕತ್ತರಿಸಿದರು. ಮೂರು ವಾರ ಕಳೆಯುವ ಮೊದಲೇ ಅದು ರದ್ದಾಯಿತು. ಫ್ಯಾನು ತಿರುಗುವ, ಹಸಿದು ಸುಮ್ಮನೆ ಬಿದ್ದುಕೊಂಡಿರುವ ಆ ಹೊತ್ತೇ ಹೊಡೆದಾಟಕ್ಕೆ ಬೆಲೆ ತರುವುದು. ಅದಿಲ್ಲದೆ ಸ್ಪೈಕ್ ಒಬ್ಬ ಚೆಂದದ ಕೋಟು ತೊಟ್ಟ ಗಟ್ಟಿಗ, ಅಷ್ಟೇ.

ಕೊನೆಯ ಎರಡು ಸೆಷನ್‌ಗಳಲ್ಲಿ ಏನಾಗುತ್ತದೆ ಎಂದು ಇಲ್ಲಿ ಬರೆಯುವುದಿಲ್ಲ. ಇನ್ನೂ ನೋಡದ ಓದುಗರಿದ್ದಾರೆ. ಆದರೆ ನೋಡುವ ಬಗೆಯ ಕುರಿತು ಒಂದು ಕೋರಿಕೆಯಿದೆ. ಇದು ವಾರಕ್ಕೊಂದರಂತೆ ಬಂದ ಸರಣಿ. ಬಹುತೇಕ ಸಂಚಿಕೆಗಳ ಕೊನೆಗೆ ಮಾಯ್ ಯಮಾನೆ ಹಾಡಿದ ಬ್ಲೂಸ್ ಗೀತೆ ಬರುತ್ತದೆ, ಆಗಿಹೋದದ್ದನ್ನು ಒಳಗೆ ಇಳಿಸಿಕೊಳ್ಳಲು ಆ ಒಂದೂವರೆ ನಿಮಿಷ ಬೇಕು. ಇಂದಿನ ಸ್ಟ್ರೀಮಿಂಗ್ ಆ್ಯಪುಗಳು ಹಾಡು ಮುಗಿಯುವ ಮೊದಲೇ ಮುಂದಿನ ಸಂಚಿಕೆಗೆ ಜಿಗಿಯುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ ಆಟೊಪ್ಲೇ ಆಫ್ ಮಾಡಿ. ಒಂದೆರಡು ಸಂಚಿಕೆಗಳ ಕೊನೆಗೆ ಹಾಡೇ ಬೇರೆ, 26ನೆಯದರಲ್ಲಂತೂ ಹಾಡೂ ಬೇರೆ, ಪರದೆಯ ಮೇಲೆ ಮೂಡುವ ಕೊನೆಯ ಸಾಲೂ ಬೇರೆ. ಆತುರದಲ್ಲಿ ಅದನ್ನು ಕಳೆದುಕೊಂಡವರು ನನ್ನ ಪರಿಚಯದಲ್ಲೇ ಇದ್ದಾರೆ. ರಾತ್ರಿಗೊಂದೇ ಸೆಷನ್ ನೋಡಿ, ಹತ್ತನೆಯದನ್ನು ಮುಂದಕ್ಕೆ ಓಡಿಸಬೇಡಿ.